ರೆಸ್ಟ್ ಮಾಡಿ ಮಾಡಿ ಸುಸ್ತಾದ ಗಂಡ, ರೆಸ್ಟೇ ಸಿಗದ ಹೆಂಡ್ತಿ: ಒಂದು ಮನೆಯ ಪ್ರಕರಣ

ನಾನು ಆಕ್ಯುಪೇಶನಲ್ ಥೆರಪಿಸ್ಟ್. ಸ್ನಾನ, ಅಡುಗೆ, ದುಡಿಮೆ, ಬಿಡುವು, ನಿದ್ದೆ, ಹೀಗೆ ದಿನನಿತ್ಯ ಮಾಡೋ ಕೆಲಸಗಳು ಕಾಯಿಲೆಯಿಂದಲೋ ಇನ್ಯಾವುದೋ ಕಾರಣಕ್ಕೋ ಏರುಪೇರಾದಾಗ ಅದನ್ನ ಮತ್ತೆ ಒಂದು ಹದಕ್ಕೆ ತರೋಕೆ ಜೊತೆಗಿರೋದು ನನ್ನ ಕೆಲಸ. ಈ ಕೇಸನ್ನ ಪೂರ್ತಿ ಬರೀಬೇಕು ಅಂತ ಬಹಳ ದಿನದಿಂದ ಇತ್ತು, ಯಾಕಂದ್ರೆ ಇದರಲ್ಲಿ ಮೊದಲ ಐದು ವಾರ ನಾನು ಒಬ್ಬರ ದಿನವನ್ನ ಮಾತ್ರ ನೋಡ್ತಾ ಕೂತಿದ್ದೆ, ತೊಂದರೆ ಇದ್ದದ್ದು ಇಬ್ಬರ ದಿನಗಳ ನಡುವೆ. ಇದೇ ಕೆಲಸ ಮಾಡೋರಿಗೆ, ಅಥವಾ ಮನೇಲಿ ಇಂಥದ್ದೇ ಪರಿಸ್ಥಿತಿ ಇರೋರಿಗೆ ಉಪಯೋಗ ಆಗಬಹುದು. ಇಬ್ಬರ ಒಪ್ಪಿಗೆ ತಗೊಂಡೇ ಬರೀತಿದೀನಿ, ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಾಯಿಸಿದೀನಿ. ನನ್ನ ಹತ್ತಿರ ಬಂದವರನ್ನ ನಾನು ಸರ್ ಅಂತ, ಅವರ ಹೆಂಡತಿಯನ್ನ ಅಮ್ಮ ಅಂತ ಮಾತಾಡಿಸ್ತಿದ್ದೆ, ಇಲ್ಲೂ ಹಾಗೇ ಬರೀತೀನಿ.

ಹಿನ್ನೆಲೆ

ಸರ್‌ಗೆ 58 ವರ್ಷ. ಮೂವತ್ತು ವರ್ಷದ ಹತ್ತಿರ ಒಂದು ಕಾರ್ಖಾನೆಯ ಸ್ಟೋರ್ಸ್ ವಿಭಾಗ ನೋಡ್ಕೊಂಡಿದ್ದವರು. ಯಾವ ಸಾಮಾನು ಎಲ್ಲಿದೆ, ಎಷ್ಟು ಉಳಿದಿದೆ, ಯಾವಾಗ ತರಿಸ್ಬೇಕು ಅನ್ನೋದೆಲ್ಲ ಅವರ ಲೆಕ್ಕದಲ್ಲೇ ನಡೀತಿತ್ತಂತೆ. ನನ್ನ ಹತ್ತಿರ ಬರೋ ಐದು ತಿಂಗಳ ಮುಂಚೆ ಹಾರ್ಟ್ ಅಟ್ಯಾಕ್ ಆಯ್ತು, ಒಂದು ಸ್ಟೆಂಟ್ ಹಾಕಿದ್ರು, ಚೇತರಿಕೆ ಚೆನ್ನಾಗೇ ಆಯ್ತು. ಆದ್ರೆ ಮನೆಯವರೆಲ್ಲ ಸೇರಿ ಕೆಲಸ ಬಿಡಿಸಿದ್ರು, ನಿವೃತ್ತಿಗೆ ಇನ್ನು ಎರಡೇ ವರ್ಷ ಇತ್ತು. ಅಮ್ಮನಿಗೆ 54, ಒಂದು ಆಫೀಸಲ್ಲಿ ಬೆಳಿಗ್ಗೆಯಿಂದ ಸಂಜೆವರೆಗೆ ಕೆಲಸ. ಒಬ್ಬಳೇ ಮಗಳು, ಬೇರೆ ಊರಲ್ಲಿದ್ದಾಳೆ, ದಿನಕ್ಕೆ ಎರಡು ಮೂರು ಸಲ ಫೋನ್ ಮಾಡಿ "ಅಪ್ಪಾ, ಏನೂ ಮಾಡಕ್ಕೆ ಹೋಗ್ಬೇಡಿ, ರೆಸ್ಟ್ ತಗೊಳ್ಳಿ" ಅಂತ ಹೇಳೋಳು.

ಹೃದಯದ ಡಾಕ್ಟರ್ ನನ್ನ ಹತ್ತಿರ ಕಳಿಸಿದ್ದು ಮೂರು ಕಾರಣಕ್ಕೆ: ಯಾವಾಗ್ಲೂ ಸುಸ್ತು, ರಾತ್ರಿ ನಿದ್ದೆ ಇಲ್ಲ, ಯಾವುದರಲ್ಲೂ ಮನಸ್ಸಿಲ್ಲ. ಎಕೋ ಅನ್ನೋ ಹೃದಯದ ಸ್ಕ್ಯಾನಲ್ಲಿ ಪಂಪಿಂಗ್ ಚೆನ್ನಾಗಿತ್ತು, ಟ್ರೆಡ್‌ಮಿಲ್ ಟೆಸ್ಟಲ್ಲಿ 8 ಮೆಟ್‌ವರೆಗೆ (ಸುಮ್ನೆ ಕೂತಾಗ ದೇಹ ಬಳಸೋ ಶಕ್ತಿಯ ಎಂಟು ಪಟ್ಟು) ಯಾವ ತೊಂದರೆನೂ ಇಲ್ಲದೆ ಹೋಗಿದ್ರು, ರಕ್ತ, ಥೈರಾಯ್ಡ್ ಎಲ್ಲ ಸರಿ ಇತ್ತು. ಹಾರ್ಟ್ ಅಟ್ಯಾಕ್ ಆದವರಿಗೆ ಕೊಡೋ ಬೀಟಾ ಬ್ಲಾಕರ್ ಮಾತ್ರೆಯಿಂದಲೂ ಕೆಲವರಿಗೆ ಸುಸ್ತು ಬರುತ್ತೆ, ಅದನ್ನ ಡಾಕ್ಟರ್ ಮೊದಲೇ ನೋಡಿ ಡೋಸ್ ಸರಿಮಾಡಿದ್ರು, ಆದ್ರೂ ಸುಸ್ತು ಹೋಗಿರಲಿಲ್ಲ. ಇದನ್ನ ಯಾಕೆ ಬರೀತಿದೀನಿ ಅಂದ್ರೆ, ದಿನಚರಿ ಸರಿ ಮಾಡೋಕೆ ಕೂರೋ ಮುಂಚೆ ದೇಹದ ಕಡೆಯಿಂದ ಏನಾದ್ರೂ ಇದ್ಯಾ ಅಂತ ಖಾತ್ರಿ ಮಾಡ್ಕೊಳ್ಳಲೇಬೇಕು, ಇಲ್ಲಾಂದ್ರೆ ಕಾಯಿಲೆಗೆ ಟೈಮ್‌ಟೇಬಲ್ ಬರ್ಕೊಟ್ಟ ಹಾಗಾಗುತ್ತೆ.

ಮೊದಲ ದಿನ ಪಿಎಚ್‌ಕ್ಯೂ-9 ಅನ್ನೋ ಒಂಬತ್ತು ಪ್ರಶ್ನೆಯ ಪಟ್ಟಿ ಮಾಡಿದ್ವಿ, ಒಟ್ಟು 27ಕ್ಕೆ 14 ಬಂತು. 10 ಅಥವಾ ಅದಕ್ಕಿಂತ ಜಾಸ್ತಿ ಬಂದ್ರೆ ಖಿನ್ನತೆ ಇರಬಹುದು ಅಂತ ಗಮನ ಕೊಡ್ಬೇಕು. ಕೊನೇ ಪ್ರಶ್ನೆ, ಬದುಕಿದ್ದು ಏನು ಪ್ರಯೋಜನ ಅನ್ನೋ ಥರದ ಯೋಚನೆ ಬರುತ್ತಾ ಅನ್ನೋದಕ್ಕೆ "ಇಲ್ಲ" ಅಂದ್ರು, ಅದನ್ನ ಬಾಯ್ಬಿಟ್ಟು ಇನ್ನೊಂದು ಸಲನೂ ಕೇಳಿ ಖಚಿತ ಮಾಡ್ಕೊಂಡೆ, ಕಳಿಸಿದ ಡಾಕ್ಟರ್‌ಗೂ ತಿಳಿಸಿದೆ. ಹಾರ್ಟ್ ಅಟ್ಯಾಕ್ ಆದವರಲ್ಲಿ ಹೆಚ್ಚುಕಮ್ಮಿ ಐದರಲ್ಲಿ ಒಬ್ಬರಿಗೆ ಖಿನ್ನತೆ ಕಾಣಿಸ್ಕೊಳ್ಳುತ್ತೆ, ಇದು ಅಪರೂಪ ಅಲ್ಲ, ಆದ್ರೆ ಮನೆಯವರು "ಭಯ ಬಿದ್ದಿದಾರೆ, ಸರಿ ಹೋಗ್ತಾರೆ" ಅಂತ ಅಂದ್ಕೊಂಡು ಬಿಟ್ಟುಬಿಡ್ತಾರೆ.

ಮೊದಲ ಪ್ಲಾನ್, ಮತ್ತೆ ಅದು ಯಾಕೆ ನಿಂತೋಯ್ತು

ನಮ್ಮಲ್ಲಿ ಸಿಒಪಿಎಂ ಅಂತ ಒಂದು ಸಂದರ್ಶನದ ವಿಧಾನ ಇದೆ, ಕೆನಡಾದಲ್ಲಿ ಶುರುವಾಗಿದ್ದು. ನಿಮಗೆ ದಿನದಲ್ಲಿ ಮಾಡ್ಬೇಕು ಅನಿಸೋ, ಆದ್ರೆ ಮಾಡಕ್ಕಾಗದೆ ಇರೋ ಕೆಲಸ ಯಾವುದು ಅಂತ ಕೇಳಿ, ಅದನ್ನ ಎಷ್ಟು ಚೆನ್ನಾಗಿ ಮಾಡ್ತಿದೀರಿ, ಎಷ್ಟು ತೃಪ್ತಿ ಇದೆ ಅಂತ 10ಕ್ಕೆ ಅಂಕ ಹಾಕಿಸೋದು. ಸರ್ ಹತ್ತಿರ ಅರ್ಧ ಗಂಟೆ ಕೂತೆ, ಒಂದೇ ಒಂದು ಕೆಲಸ ಹೇಳಲಿಲ್ಲ. "ಏನೂ ಇಲ್ಲ ಮೇಡಂ, ಎಲ್ಲಾ ಅವಳೇ ಮಾಡ್ತಾಳೆ" ಅಂದ್ರು. ನಾನು ಆ ಮಾತನ್ನ ಬರ್ಕೊಂಡೆ, ಬರ್ಕೊಂಡು ಮುಂದೆ ಹೋದೆ. ಈಗ ಆ ಹಾಳೆ ತೆಗೆದು ನೋಡಿದ್ರೆ ಇಡೀ ಕೇಸು ಆ ಒಂದು ಸಾಲಲ್ಲೇ ಇದೆ.

ಒಂದು ವಾರದ ಟೈಮ್ ಡೈರಿ ಬರೀರಿ ಅಂದೆ. ಸ್ಟೋರ್ಸ್‌ನವರಲ್ವಾ, ಗೆರೆ ಎಳೆದು ಅಚ್ಚುಕಟ್ಟಾಗಿ ಬರ್ಕೊಂಡು ಬಂದ್ರು. ದಿನಕ್ಕೆ ಒಂಬತ್ತು ಗಂಟೆ ಟಿವಿ, ಫೋನು, ಸುಮ್ನೆ ಮಲಗೋದು ಈ ಮೂರರಲ್ಲೇ ಹೋಗ್ತಿತ್ತು. ಮಧ್ಯಾಹ್ನ ಎರಡೂವರೆ ಗಂಟೆ ನಿದ್ದೆ. ರಾತ್ರಿ ಒಂಬತ್ತೂವರೆಗೆ ಹಾಸಿಗೆ, ನಿದ್ದೆ ಬರೋದು ಒಂದು ಗಂಟೆಗೆ. ಮಧ್ಯಾಹ್ನ ಅಷ್ಟೊತ್ತು ಮಲಗಿದ್ರೆ ರಾತ್ರಿ ಎಲ್ಲಿಂದ ಬರುತ್ತೆ, ಹಗಲು ಮೈ ಆಡಿಸದೆ ಇದ್ರೆ ದೇಹಕ್ಕೆ ದಣಿವಾದ್ರೂ ಹೇಗೆ ಆಗುತ್ತೆ, ಹಾಗಾಗಿ ನನಗೆ ಉತ್ತರ ಕೈಯಲ್ಲೇ ಇದೆ ಅನ್ನಿಸ್ತು.

ಪ್ಲಾನ್ ಹೀಗಿತ್ತು: ಬೆಳಿಗ್ಗೆ ಏಳೋ ಟೈಮ್ ದಿನಾ ಒಂದೇ, ಮಧ್ಯಾಹ್ನದ ನಿದ್ದೆ ಅರ್ಧ ಗಂಟೆಗಿಂತ ಜಾಸ್ತಿ ಬೇಡ, ಬೆಳಿಗ್ಗೆ ಸಂಜೆ 20 ನಿಮಿಷ ವಾಕಿಂಗ್, ಮತ್ತೆ ಒಂದು ಹವ್ಯಾಸ. ಚಿಕ್ಕವಯಸ್ಸಲ್ಲಿ ಚಿತ್ರ ಬಿಡಿಸ್ತಿದ್ರು ಅಂತ ಗೊತ್ತಾಯ್ತು, ಪುಸ್ತಕ ಪೆನ್ಸಿಲ್ ತಗೊಂಡ್ರು. ಪುಸ್ತಕದಲ್ಲಿ ಓದಿದ ಪ್ರಕಾರ ಯಾವ ತಪ್ಪೂ ಇಲ್ಲದ ಪ್ಲಾನ್ ಅದು. ಹತ್ತು ದಿನ ವಾಕಿಂಗ್ ನಡೀತು, ಆಮೇಲೆ ಒಂದು ದಿನ ಮಳೆ, ಮಾರನೇ ದಿನ ಕಾಲುನೋವು, ಅಲ್ಲಿಗೆ ನಿಂತೋಯ್ತು. ಚಿತ್ರದ ಪುಸ್ತಕದಲ್ಲಿ ಒಂದು ಮರ, ಅದೂ ಅರ್ಧ. ನಾಲ್ಕನೇ ವಾರ ನಾನು ಮತ್ತೆ ಹುರಿದುಂಬಿಸೋಕೆ ಹೋದಾಗ ಸರ್‌ಗೆ ಸಿಟ್ಟು ಬಂತು. "ಟೈಂಪಾಸ್ ಮಾಡಕ್ಕೆ ನಾನೇನ್ ಚಿಕ್ಕ ಹುಡುಗನಾ ಮೇಡಂ? ನಾನು ಚಿತ್ರ ಬಿಡಿಸಿದ್ರೆ ಯಾರಿಗೆ ಏನಾಗ್ಬೇಕು, ಬಿಡಿಸ್ಲಿಲ್ಲಾಂದ್ರೆ ಯಾರಿಗೆ ಏನು ನಷ್ಟ?"

ಆ ಪ್ರಶ್ನೆ ನನ್ನನ್ನ ಬಿಡಲಿಲ್ಲ. ಆಡಾಲ್ಫ್ ಮೇಯರ್ ಅಂತ ಮನೋವೈದ್ಯರು, ನಮ್ಮ ವೃತ್ತಿಯ ಶುರುವಿನ ದಿನಗಳಲ್ಲಿ, 1922ರಲ್ಲಿ ಒಂದು ಲೇಖನ ಬರೆದ್ರು, ಕೆಲಸ, ಆಟ, ವಿಶ್ರಾಂತಿ, ನಿದ್ದೆ ಈ ನಾಲ್ಕರ ಲಯ ತಪ್ಪಿದ್ರೆ ಮನುಷ್ಯ ತಪ್ಪಿದ ಹಾಗೆ ಅಂತ. ನಾನು ಸರ್‌ಗೆ ಆಟ ಕೊಟ್ಟಿದ್ದೆ, ವಿಶ್ರಾಂತಿ ಕಮ್ಮಿ ಮಾಡಿದ್ದೆ, ನಿದ್ದೆಗೆ ನಿಯಮ ಹಾಕಿದ್ದೆ. ಕೆಲಸ ಅನ್ನೋ ಜಾಗ ಖಾಲಿ ಹಾಗೇ ಇತ್ತು. ಇಲ್ಲಿ ಕೆಲಸ ಅಂದ್ರೆ ಸಂಬಳದ ಕೆಲಸ ಅಲ್ಲ, ನಾನು ಮಾಡದೆ ಇದ್ರೆ ನಡೆಯಲ್ಲ ಅನ್ನೋ ಕೆಲಸ.

ಐದನೇ ವಾರ: ಕುರ್ಚಿಯಲ್ಲೇ ನಿದ್ದೆ ಹೋದ ಅಮ್ಮ

ಐದನೇ ವಾರ ಸರ್ ಬರಲ್ಲ ಅಂತ ಹಟ ಮಾಡಿದ್ರು, ಅಮ್ಮ ಆಫೀಸಿಗೆ ಅರ್ಧ ದಿನ ರಜ ಹಾಕಿ ಕರ್ಕೊಂಡು ಬಂದ್ರು. ನಾನು ಸರ್ ಜೊತೆ ಮಾತಾಡ್ತಿದ್ದೆ, ಹತ್ತು ನಿಮಿಷ ಆಗಿರಬೇಕು, ನೋಡಿದ್ರೆ ಅಮ್ಮ ಗೋಡೆಗೆ ತಲೆ ಒರಗಿಸಿ ನಿದ್ದೆ ಹೋಗಿದಾರೆ, ಕೈಲಿ ಮಾತ್ರೆ ಚೀಟಿ ಹಾಗೇ ಇದೆ. ಸರ್ ಎಬ್ಬಿಸಕ್ಕೆ ಹೋದ್ರು, ನಾನು ಬೇಡ ಅಂತ ಸನ್ನೆ ಮಾಡಿದೆ. ಇಬ್ಬರೂ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ವಿ. ಆಗ ನನಗೆ ಹೊಳೀತು, ಈ ಮನೇಲಿ ಸುಸ್ತಿನ ಲೆಕ್ಕ ನಾನು ಒಂದೇ ಕಡೆ ತಗೊಂಡಿದೀನಿ.

ಎದ್ದ ಮೇಲೆ ಅಮ್ಮನಿಗೂ ಡೈರಿ ಬರೀರಿ ಅಂದೆ. "ಅಯ್ಯೋ, ಪೇಶೆಂಟ್ ನಾನಲ್ಲವಲ್ಲಮ್ಮ, ನನಗೆ ಅದೆಲ್ಲ ಬರಿಯಕ್ಕೆ ಟೈಮ್ ಎಲ್ಲಿದೆ" ಅಂದ್ರು. ಹಾಗಾದ್ರೆ ಬರೀಬೇಡಿ, ಎರಡೇ ದಿನ, ಒಂದು ಆಫೀಸ್ ದಿನ ಒಂದು ರಜೆ ದಿನ, ಏನು ಮಾಡ್ತಿದೀರೋ ಅದನ್ನ ಫೋನಲ್ಲಿ ಹೇಳಿ ವಾಯ್ಸ್ ಮೆಸೇಜ್ ಕಳ್ಸಿ, ನಾನು ಬರ್ಕೋತೀನಿ ಅಂದೆ. ಒಪ್ಪಿದ್ರು. (ಬರೆಯೋಕೆ ಟೈಮ್ ಇಲ್ಲ ಅನ್ನೋರಿಗೆ ಈ ಉಪಾಯ ಆಮೇಲೂ ನಾನು ಎಷ್ಟೋ ಸಲ ಬಳಸಿದೀನಿ, ಮೆಸೇಜಲ್ಲಿ ಹಿಂದಿನ ಸದ್ದು, ಏದುಸಿರು ಎಲ್ಲ ಕೇಳುತ್ತೆ, ಹಾಳೆ ಅದನ್ನೆಲ್ಲ ಹೇಳಲ್ಲ.)

ಬಂದ ಮೆಸೇಜುಗಳಿಂದ ಸಿಕ್ಕಿದ್ದು: ಬೆಳಿಗ್ಗೆ 4:50ಕ್ಕೆ ಏಳೋದು, ರಾತ್ರಿ 11:30ಕ್ಕೆ ಮಲಗೋದು, ಅಂದ್ರೆ ನಿದ್ದೆ ಐದು ಗಂಟೆ 20 ನಿಮಿಷ. ವಯಸ್ಕರಿಗೆ ಕನಿಷ್ಠ ಏಳು ಗಂಟೆ ಬೇಕು ಅಂತ ನಿದ್ರಾ ತಜ್ಞರು ಹೇಳ್ತಾರೆ. ಇಷ್ಟು ಆದ್ರೆ ಯಾರಾದ್ರೂ ಊಹಿಸಬಹುದಿತ್ತು, ಮುಖ್ಯವಾದದ್ದು ಅದಲ್ಲ. ಸ್ವೀಡನ್ನಿನ ಲೆನಾ-ಕಾರಿನ್ ಎರ್ಲಂಡ್ಸನ್ ಅನ್ನೋ ಸಂಶೋಧಕಿ ದಿನದ ಕೆಲಸಗಳನ್ನ ಮೂರು ಥರ ವಿಂಗಡಿಸ್ತಾರೆ: ಮುಖ್ಯ ಕೆಲಸ, ಅಚಾನಕ್ ಬಂದು ಬೀಳೋ ಕೆಲಸ, ಮತ್ತೆ ಮುಖ್ಯ ಕೆಲಸದ ಮಧ್ಯ ಮಧ್ಯ ಅಡಗಿ ಕೂತಿರೋ ಕೆಲಸ. ಈ ಮೂರನೇದು ಯಾರಿಗೂ ಕಾಣಲ್ಲ, ಮಾಡೋರಿಗೂ ಕಾಣಲ್ಲ, ಆದ್ರೆ ದಿನವನ್ನ ಚೂರು ಚೂರು ಮಾಡೋದು ಅದೇ. ಅಮ್ಮನ ದಿನದಲ್ಲಿ ಅಂಥವು ತುಂಬಿಕೊಂಡಿದ್ವು. ಆಫೀಸಿಂದ ಸರ್‌ಗೆ ಆರು ಸಲ ಫೋನ್, ಮಾತ್ರೆ ತಗೊಂಡ್ರಾ, ಊಟ ಆಯ್ತಾ, ಎದೆ ಹೇಗಿದೆ. ಮಾತ್ರೆ ಮುಗಿಯೋಕೆ ಬಂತಾ ಅಂತ ಎಣಿಸೋದು. ಬಿಪಿ ಬರೆದಿಡೋದು. ನೆಂಟರ ಫೋನಿಗೆಲ್ಲ ಸರ್ ಆರೋಗ್ಯದ ವರದಿ ಒಪ್ಪಿಸೋದು. ರಾತ್ರಿ ಎರಡು ಸಲ ಎದ್ದು ಸರ್ ಉಸಿರಾಡ್ತಿದಾರಾ ಅಂತ ನೋಡೋದು. ಈ ಕೊನೇದನ್ನ ಅವರು ಮೆಸೇಜಲ್ಲಿ ಹೇಳುವಾಗ ದನಿ ತುಂಬ ಸಣ್ಣದಾಗಿತ್ತು.

ಆರನೇ ವಾರ ಇಬ್ಬರನ್ನೂ ಕೂರಿಸಿ, ಎರಡೂ ದಿನಚರಿ ಒಂದೇ ಅಳತೆಯ ಹಾಳೆಯಲ್ಲಿ ಗಂಟೆಗೆ ಗಂಟೆ ಹೊಂದಿಸಿ ಬರೆದು, ಪಕ್ಕಪಕ್ಕ ಇಟ್ಟೆ. ನಾನೇನೂ ಹೇಳಲಿಲ್ಲ. ಸರ್ ಬೆರಳು ಇಟ್ಕೊಂಡು ಓದ್ತಾ ಹೋದ್ರು, ರಾತ್ರಿ ಹನ್ನೊಂದರ ಹತ್ತಿರ ಬೆರಳು ನಿಂತ್ಕೊಂತು. "ಇವಳು ಹನ್ನೊಂದು ಗಂಟೆಗೆ ಕೂತ್ಕೊಂಡು ನನ್ನ ಮಾತ್ರೆ ಡಬ್ಬಿ ತುಂಬ್ತಿದಾಳೆ. ಅದೇ ಹೊತ್ತಿಗೆ ನಾನು ಒಳಗೆ ನಿದ್ದೆ ಬರ್ದೆ ಸೂರು ನೋಡ್ತಾ ಬಿದ್ದಿದೀನಿ." ಆಮೇಲೆ ಅಮ್ಮನ ಕಡೆ ತಿರುಗಿ, "ನೀನು ಯಾಕೆ ಒಂದ್ ಮಾತು ಹೇಳ್ಲಿಲ್ಲ?" ಅಮ್ಮ, "ನಿಮಗೆ ಟೆನ್ಶನ್ ಕೊಡ್ಬಾರ್ದು ಅಂತ ಡಾಕ್ಟ್ರು ಹೇಳಿದ್ರಲ್ರೀ."

ಎರಡನೇ ಪ್ಲಾನ್ ಕೂಡ ನಡೀಲಿಲ್ಲ

ಅವತ್ತೇ ಸಿಒಪಿಎಂ ಮತ್ತೆ ಮಾಡಿದೆ, ಈ ಸಲ ಇಬ್ಬರಿಗೂ. ಮೊದಲ ದಿನ ಒಂದೂ ಹೇಳದ ಸರ್ ಈಗ ಐದು ಹೇಳಿದ್ರು: ಮಾತ್ರೆ ನಾನೇ ನೋಡ್ಕೋಬೇಕು, ಮನೆ ಸಾಮಾನು ತರಬೇಕು, ಬಿಲ್ಲುಗಳು, ಸಂಜೆ ಅಡುಗೆಯಲ್ಲಿ ಕೈ ಹಾಕಬೇಕು, ರಾತ್ರಿ ನಿದ್ದೆ. ಸರಾಸರಿ ಮಾಡೋದಕ್ಕೆ 2.8, ತೃಪ್ತಿಗೆ 2.2. ನಾವು ಮನೆಯ ಕೆಲಸಗಳನ್ನೆಲ್ಲ ಪಟ್ಟಿ ಮಾಡಿ ಆರು ಕೆಲಸ ಸರ್ ಕಡೆ ಹಾಕಿದ್ವಿ. ದೇಹಕ್ಕೆ ಆಗುತ್ತಾ ಅನ್ನೋದಕ್ಕೆ ಲೆಕ್ಕ ಇದೆ, ಸುಮ್ನೆ ಕೂತಾಗ ದೇಹ ಬಳಸೋ ಶಕ್ತಿಗೆ 1 ಮೆಟ್ ಅಂತಾರೆ, ಪಾತ್ರೆ ತೊಳೆಯೋದು 2ರಿಂದ 2.5, ಕಸ ಗುಡಿಸೋದು 3 ಚಿಲ್ಲರೆ, ನಿಧಾನಕ್ಕೆ ಮೆಟ್ಟಿಲು ಹತ್ತೋದು 4ರ ಆಸುಪಾಸು. ಟೆಸ್ಟಲ್ಲಿ 8 ಆರಾಮಾಗಿ ಮಾಡಿದವರಿಗೆ ಇದ್ಯಾವುದೂ ಹೊರೆ ಅಲ್ಲ. ಡಾಕ್ಟರ್ ಕೂಡ ಒಪ್ಪಿದ್ರು.

ಎರಡು ವಾರ ಆದ ಮೇಲೆ ಬಂದಾಗ ಇಬ್ಬರೂ ಸಿಟ್ಟಲ್ಲಿ ಮುಖ ಊದಿಸ್ಕೊಂಡಿದ್ರು. ಸರ್ ಬಟ್ಟೆ ಮಡಚಿಟ್ರೆ ಅಮ್ಮ ಮತ್ತೆ ಬಿಡಿಸಿ ಮಡಚ್ತಾರಂತೆ. ಮಾತ್ರೆ ಡಬ್ಬಿ ಸರ್ ತುಂಬಿದ್ರೆ ಅಮ್ಮ ರಾತ್ರಿ ಎದ್ದು ಇನ್ನೊಂದು ಸಲ ಎಣಿಸ್ತಾರಂತೆ. ಸಾಮಾನು ತರಕ್ಕೆ ಹೊರಟ್ರೆ "ಭಾರ ಎತ್ಬೇಡಿ, ನಾನು ಸಂಜೆ ತರ್ತೀನಿ ಬಿಡಿ". ಅಂದ್ರೆ ಅಮ್ಮನ ಕೆಲಸ ಕಮ್ಮಿ ಆಗೋ ಬದಲು ಮೇಲ್ವಿಚಾರಣೆ ಅನ್ನೋ ಹೊಸ ಕೆಲಸ ಸೇರ್ಕೊಂಡಿತ್ತು. ಸರ್ ಅಂತೂ "ನಾನ್ ಮಾಡಿದ್ದು ಯಾವುದೂ ಸರಿ ಇಲ್ವಂತೆ ಮೇಡಂ, ಅದಕ್ಕೆ ಬಿಟ್ಟೆ" ಅಂದುಬಿಟ್ರು.

ಇಲ್ಲಿ ಎರಡು ದಾರಿ ಇತ್ತು. ಕೆಲಸ ಬಿಟ್ಟುಕೊಡೋದು ಹೇಗೆ ಅಂತ ಅಮ್ಮನಿಗೆ ಬುದ್ಧಿ ಹೇಳೋದು ಒಂದು. ಅದು ಸುಲಭ, ಮತ್ತೆ ಎಲ್ಲರೂ ಅದನ್ನೇ ಮಾಡ್ತಾರೆ, ಹೆಂಗಸರಿಗೆ ಎಲ್ಲ ತಾವೇ ಮಾಡ್ಬೇಕು ಅನ್ನೋ ಹಟ ಅಂತ. ಆದ್ರೆ ರಾತ್ರಿ ಎದ್ದು ಉಸಿರು ನೋಡೋ ಮನುಷ್ಯರ ಹಟ ಅದಲ್ಲ ಅಂತ ನನಗೆ ಅನ್ನಿಸ್ತು, ಹಾಗಾಗಿ ಅಮ್ಮನ ಜೊತೆ ಒಬ್ಬರೇ ಕೂತು ಅಟ್ಯಾಕ್ ಆದ ದಿನ ಏನಾಯ್ತು ಅಂತ ಕೇಳಿದೆ. ಇಷ್ಟು ತಿಂಗಳಲ್ಲಿ ಯಾರೂ ಅವರನ್ನ ಆ ಪ್ರಶ್ನೆ ಕೇಳಿರಲಿಲ್ಲ. ಬಾತ್‌ರೂಮ್ ಒಳಗಿಂದ ಚಿಲಕ ಹಾಕಿತ್ತಂತೆ, ಸದ್ದಿಲ್ಲ, ಪಕ್ಕದ ಮನೆಯವರನ್ನ ಕೂಗಿ ಬಾಗಿಲು ಒಡೆಸಿದ್ರಂತೆ, ಒಳಗೆ ಸರ್ ನೆಲದ ಮೇಲೆ, ಮೈಯೆಲ್ಲ ತಣ್ಣಗೆ ಬೆವರು. "ಅವತ್ತಿಂದ ಅವ್ರು ಕಣ್ಣಿಗೆ ಕಾಣ್ಲಿಲ್ಲಾಂದ್ರೆ ನನ್ನ ಕೈಕಾಲು ಆಡಲ್ಲಮ್ಮ."

ಆ ಮನೇಲಿ ರೆಸ್ಟ್ ಅನ್ನೋದು ಸರ್‌ಗೆ ಕೊಟ್ಟ ಔಷಧಿ ಆಗಿರಲಿಲ್ಲ, ಅಮ್ಮನ ಭಯಕ್ಕೆ ಹಚ್ಚಿದ ಮುಲಾಮು ಆಗಿತ್ತು. ಒಂದು ಕಾಲದಲ್ಲಿ ಡಾಕ್ಟರುಗಳೇ ಹೀಗೆ ಯೋಚಿಸ್ತಿದ್ರು ಅನ್ನೋದು ಮರೀಬಾರದು, ಹಾರ್ಟ್ ಅಟ್ಯಾಕ್ ಆದವರನ್ನ ವಾರಗಟ್ಟಲೆ ಹಾಸಿಗೆಯಿಂದ ಏಳೋಕೆ ಬಿಡ್ತಿರಲಿಲ್ಲ. ಸ್ಯಾಮ್ಯುಯೆಲ್ ಲೆವಿನ್ ಮತ್ತೆ ಬರ್ನಾರ್ಡ್ ಲೌನ್ ಅಮೆರಿಕದಲ್ಲಿ ಇಂಥವರನ್ನ ಬೇಗನೇ ಹಾಸಿಗೆಯಿಂದ ಎಬ್ಬಿಸಿ ಕುರ್ಚಿಯಲ್ಲಿ ಕೂರಿಸಿ ನೋಡಿ, 1952ರಲ್ಲಿ ಅದರ ಬಗ್ಗೆ ಬರೆದ್ರು, ಬರೀ ಕುರ್ಚಿಯಲ್ಲಿ ಕೂರಿಸೋದೇ ಆಗ ದೊಡ್ಡ ಧೈರ್ಯದ ಮಾತು. ವೈದ್ಯಕೀಯ ಅಲ್ಲಿಂದ ಬಹಳ ದೂರ ಬಂದಿದೆ, ಆದ್ರೆ ಮನೆಗಳಲ್ಲಿ ಆ ಹಳೇ ಹಾಸಿಗೆ ಇನ್ನೂ ಹಾಸೇ ಇದೆ.

ಮೆಟ್ಟಿಲು

ಮಾತಿಂದ ಹೋಗೋ ಭಯ ಅಲ್ಲ ಅಂತ ಗೊತ್ತಾದ ಮೇಲೆ, ಮುಂದಿನ ವಾರ ನಮ್ಮ ಕಟ್ಟಡದ ಮೆಟ್ಟಿಲ ಹತ್ತಿರ ಇಬ್ಬರನ್ನೂ ಕರ್ಕೊಂಡು ಹೋದೆ. ಡಾಕ್ಟರ್ ಹತ್ತಿರ ಮೊದಲೇ ಕೇಳಿದ್ದೆ. ಸರ್ ಕೈಲಿ ನಾಲ್ಕು ಕೆಜಿ ಚೀಲ, ಬೆರಳಿಗೆ ಆಕ್ಸಿಮೀಟರ್, ಎರಡು ಮಹಡಿ. ಬೀಟಾ ಬ್ಲಾಕರ್ ತಗೊಳ್ಳೋರಿಗೆ ನಾಡಿ ಅಷ್ಟಾಗಿ ಏರಲ್ಲ, ಹಾಗಾಗಿ ಬರೀ ನಾಡಿ ನಂಬ್ಕೊಂಡು ಕೂರಬಾರದು, ಮಾತಾಡ್ತಾ ಹತ್ತಕ್ಕಾಗುತ್ತಾ ಅನ್ನೋದು ನೋಡ್ಬೇಕು, ಶ್ರಮ ಎಷ್ಟು ಅನಿಸ್ತಿದೆ ಅಂತ ಅವರನ್ನೇ ಕೇಳ್ಬೇಕು. ಅದಕ್ಕೆ ಬೋರ್ಗ್ ಅನ್ನೋ 6ರಿಂದ 20ರವರೆಗಿನ ಅಳತೆ ಇದೆ, ಸರ್ 12 ಅಂದ್ರು, ಅಂದ್ರೆ ಸ್ವಲ್ಪ ಶ್ರಮ, ಏದುಸಿರು ಇಲ್ಲ. ಆದ್ರೆ ಆ ಅಂಕಿಗಿಂತ ನಾನು ನೋಡ್ತಿದ್ದದ್ದು ಅಮ್ಮನ ಕೈ. ಶುರುವಲ್ಲಿ ಸರ್ ಮೊಣಕೈ ಗಟ್ಟಿಯಾಗಿ ಹಿಡ್ಕೊಂಡಿದ್ರು. ಮೊದಲ ಮಹಡಿ ದಾಟಿದಾಗ ಸರ್ ಹಳೇ ಸ್ಟೋರ್ಸ್ ಕಥೆ ಏನೋ ಹೇಳ್ತಾ ಹತ್ತುತ್ತಿದ್ರು, ಅಮ್ಮನ ಹಿಡಿತ ಸಡಿಲ ಆಯ್ತು. ಎರಡನೇ ಮಹಡಿ ತಲುಪೋ ಹೊತ್ತಿಗೆ ಏದುಸಿರು ಬಿಡ್ತಿದ್ದದ್ದು ಅಮ್ಮ, ರೇಲಿಂಗ್ ಹಿಡ್ಕೊಂಡಿದ್ದದ್ದು ಅಮ್ಮ. ಸರ್ ಮೇಲೆ ನಿಂತು "ಬಾರೇ, ನಿಧಾನಕ್ಕೆ ಬಾ" ಅಂತ ಕೈ ಕೊಟ್ರು.

ಅವತ್ತು ಇನ್ನೊಂದು ಕೆಲಸ ಮಾಡಿದ್ವಿ. ಒಂದು ಹಾಳೆ ಮೇಲೆ, ಯಾವಾಗ ನಿಜವಾಗ್ಲೂ ಹೆದರಬೇಕು ಅಂತ ಬರೆದ್ವಿ: ಎದೆ ಬಿಗಿತ ಅಥವಾ ನೋವು, ಕೈಗೋ ದವಡೆಗೋ ಬೆನ್ನಿಗೋ ಹರಡೋ ನೋವು, ತಣ್ಣನೆ ಬೆವರು, ಉಸಿರು ಕಟ್ಟೋದು, ತಲೆ ಸುತ್ತಿ ಬೀಳೋ ಹಾಗಾಗೋದು. ಇದ್ರಲ್ಲಿ ಯಾವುದಾದ್ರೂ ಬಂದ್ರೆ ಎಲ್ಲ ಬಿಟ್ಟು ತಕ್ಷಣ ಆಂಬುಲೆನ್ಸಿಗೆ ಫೋನ್. ಹಾಳೆಯಲ್ಲಿ ಇಲ್ಲದ್ದಕ್ಕೆ, ಅಂದ್ರೆ ಆಕಳಿಕೆ, ಕಾಲುನೋವು, ಸ್ವಲ್ಪ ದಣಿವು, ಫೋನ್ ಇಲ್ಲ. ಭಯಕ್ಕೆ ಒಂದು ಅಂಚು ಹಾಕಿದ ಹಾಗಾಯ್ತು, ಅದುವರೆಗೆ ಅದು ಇಡೀ ದಿನ ಹರಡ್ಕೊಂಡಿತ್ತು.

"ಸಹಾಯ" ಬೇಡ, ಪೂರ್ತಿ ಕೆಲಸ ಕೊಡಿ

ಒಂಬತ್ತನೇ ವಾರದಿಂದ ನಿಯಮ ಬದಲಾಯಿಸಿದ್ವಿ. ಆರು ಕೆಲಸದ ಬದಲು ಎರಡೇ. ಆದ್ರೆ ಆ ಎರಡು ಪೂರ್ತಿ ಸರ್‌ದು, ಅಂದ್ರೆ ನೆನಪಿಟ್ಕೊಳ್ಳೋದು, ಮಾಡೋದು, ಮುಗಿಸೋದು, ತಪ್ಪಾದ್ರೆ ಸರಿ ಮಾಡ್ಕೊಳ್ಳೋದು ಎಲ್ಲ. ಹೇಳಿದ್ಮೇಲೆ ಮಾಡೋದು ಸಹಾಯ, ಅದರಲ್ಲಿ ಯೋಚನೆಯ ಭಾರ ಹೇಳೋರ ತಲೆ ಮೇಲೇ ಉಳಿಯುತ್ತೆ. ಮೊದಲನೇದು ಮಾತ್ರೆ: ಭಾನುವಾರ ಬೆಳಿಗ್ಗೆ ಸರ್ ವಾರದ ಡಬ್ಬಿ ತುಂಬಬೇಕು, ಅಮ್ಮ ಆ ಡಬ್ಬಿ ಮುಟ್ಟಂಗಿಲ್ಲ, ಕೇಳಂಗಿಲ್ಲ. ಆಫೀಸ್ ಹೊತ್ತಲ್ಲಿ ಫೋನ್ ಆರರ ಬದಲು ಒಂದೇ, ಅದೂ ಸರ್ ಕಡೆಯಿಂದ. ಎರಡನೇದು ಮನೆ ಸಾಮಾನು.

ಈ ಎರಡನೇದರಲ್ಲಿ ನಾನು ಅಂದ್ಕೊಳ್ಳದ್ದು ನಡೀತು. ಒಂದೇ ವಾರದಲ್ಲಿ ಸರ್ ರಿಜಿಸ್ಟರ್ ಮಾಡಿದ್ರು. ಯಾವ ಸಾಮಾನು ಎಷ್ಟಿದೆ, ತಿಂಗಳಿಗೆ ಎಷ್ಟು ಖರ್ಚಾಗುತ್ತೆ, ಎಷ್ಟಕ್ಕೆ ಇಳಿದ್ರೆ ತರಬೇಕು, ಯಾವುದರ ಅವಧಿ ಯಾವಾಗ ಮುಗಿಯುತ್ತೆ. ನನಗೆ ತೋರಿಸೋಕೆ ತಂದಿದ್ರು, ಹತ್ತು ನಿಮಿಷ ನಿಲ್ಲಿಸದೆ ವಿವರಿಸಿದ್ರು, ಅಷ್ಟು ಮಾತಾಡಿದ್ದು ನಾನು ಅವತ್ತೇ ನೋಡಿದ್ದು. ವಾಕಿಂಗ್ ಅನ್ನೋ ಪದನೇ ನಾನು ಎತ್ತಲಿಲ್ಲ, ಸಾಮಾನು ತರೋಕೆ ನಡ್ಕೊಂಡು ಹೋಗಿ ಬರೋದ್ರಲ್ಲೇ ದಿನಕ್ಕೆ ಇಪ್ಪತ್ತು ಇಪ್ಪತ್ತೈದು ನಿಮಿಷ ಆಗ್ತಿತ್ತು. ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮ ಅಂತ ಹೇಳುತ್ತೆ, ಸ್ವಲ್ಪ ಚುರುಕಾಗಿ ನಡೀರಿ ಅಂತ ಮಾತ್ರ ಹೇಳಿದೆ, ಚಿತ್ರದ ಪುಸ್ತಕದಿಂದ ಆಗದ್ದು ಸಾಮಾನಿನ ಚೀಲದಿಂದ ಆಯ್ತು.

ಅಮ್ಮನ ಕಡೆ ಬೇರೆ ತೊಡಕು. ಉಳಿದ ಟೈಮಲ್ಲಿ ಏನು ಮಾಡಿದ್ರಿ ಅಂದ್ರೆ, ಬೀರು ಕ್ಲೀನ್ ಮಾಡಿದೆ, ಪರದೆ ಒಗೆದೆ. ಖಾಲಿ ಆದ ಜಾಗಕ್ಕೆ ಕೆಲಸವೇ ಬಂದು ಕೂರುತ್ತೆ, ಅದನ್ನ ಮೊದಲೇ ಬೇರೆಯದಕ್ಕೆ ಕಾದಿರಿಸದೆ ಇದ್ರೆ. ಮೊದಲು ನಿದ್ದೆಗೆ ಅಂತ ನಿರ್ಧಾರ ಮಾಡಿದ್ವಿ, ಹತ್ತೂವರೆಗೆ ಲೈಟ್ ಆಫ್. ಆಮೇಲೆ ನಿಮಗೋಸ್ಕರ ಏನಾದ್ರೂ ಅಂದೆ, ಹಾಡು, ಹೊಲಿಗೆ, ಗೆಳತಿಯರು ಅಂತ ಅವರೇ ಏನಾದ್ರೂ ಹೇಳ್ತಾರೆ ಅಂತ ಕಾದೆ. ಅಮ್ಮ ಬಹಳ ಹೊತ್ತು ಯೋಚಿಸಿ "ಸಂಜೆ ಬಂದ್ಮೇಲೆ ಇಪ್ಪತ್ತು ನಿಮಿಷ ಮೆಟ್ಟಿಲ ಮೇಲೆ ಸುಮ್ನೆ ಕೂತ್ಕೋಬೇಕು, ಯಾರೂ ಏನೂ ಕೇಳ್ಬಾರ್ದು" ಅಂದ್ರು. ಅದನ್ನೇ ಗುರಿ ಅಂತ ಬರ್ಕೊಂಡೆ. ಅಷ್ಟು ದಿನ ಅವರಿಗೆ ಸಿಗದ ಇಪ್ಪತ್ತು ನಿಮಿಷವನ್ನ ಚಿಕ್ಕದು ಅಂತ ನಾನು ಹೇಗೆ ಹೇಳಲಿ.

ಒಂದು ಹಿನ್ನಡೆ, ಒಂದು ಜ್ವರ

ಹನ್ನೊಂದನೇ ವಾರ ಸರ್ ಹುಮ್ಮಸ್ಸಲ್ಲಿ ಅಟ್ಟದ ಸಾಮಾನೆಲ್ಲ ಇಳಿಸಿ ನಾಲ್ಕು ಗಂಟೆ ಲೆಕ್ಕ ಹಾಕಿದ್ರು, ಮುಂದಿನ ಎರಡು ದಿನ ಹಾಸಿಗೆ. ಅಮ್ಮನಿಗೆ ಹಳೇ ಭಯ ಮರುಕಳಿಸ್ತು, ಮಗಳು ಫೋನಲ್ಲಿ ನನ್ನ ಮೇಲೇ ರೇಗಿದ್ಲು, ರೇಗಿದ್ರಲ್ಲಿ ತಪ್ಪಿಲ್ಲ. ಹಾಳೆ ತೆಗೆದು ನೋಡಿದ್ವಿ, ಅದರಲ್ಲಿರೋ ಲಕ್ಷಣ ಒಂದೂ ಇರಲಿಲ್ಲ, ಡಾಕ್ಟರ್‌ಗೂ ತೋರಿಸಿದ್ರು, ಬರೀ ದಣಿವು. ಚೆನ್ನಾಗಿದ್ದ ದಿನ ಮಿತಿ ಮೀರೋದು, ಆಮೇಲೆ ಎರಡು ದಿನ ಬೀಳೋದು, ಇದು ಚೇತರಿಸ್ಕೊಳ್ಳೋರಲ್ಲಿ ತುಂಬ ಕಾಣಿಸುತ್ತೆ. ಮುಕ್ಕಾಲು ಗಂಟೆ ಕೆಲಸ, ಹದಿನೈದು ನಿಮಿಷ ಕೂರೋದು, ಹುಮ್ಮಸ್ಸಿದ್ರೂ ಅಷ್ಟೇ, ಅಂತ ಮಾಡ್ಕೊಂಡ್ವಿ. ರೂಢಿ ತಪ್ಪಿಹೋಯ್ತು ಅಂತ ಸರ್ ಬೇಜಾರಾಗಿದ್ರು. ಲಂಡನ್ನಲ್ಲಿ ಫಿಲಿಪ್ಪಾ ಲ್ಯಾಲಿ ಮತ್ತವರ ಜೊತೆಗಾರರು ಮಾಡಿದ ಅಧ್ಯಯನದಲ್ಲಿ ಒಂದು ಹೊಸ ರೂಢಿ ಕೂರೋಕೆ ಒಬ್ಬೊಬ್ಬರಿಗೆ 18 ದಿನದಿಂದ 254 ದಿನದವರೆಗೆ ಹಿಡಿಯುತ್ತೆ ಅಂತ ಅಂದಾಜು ಸಿಕ್ಕಿತ್ತು, ಮಧ್ಯ ಒಂದು ದಿನ ತಪ್ಪಿದ್ರೆ ಅದಕ್ಕೆ ಧಕ್ಕೆ ಆಗಲಿಲ್ಲ. ಅದನ್ನ ಹೇಳಿದೆ, ಸರ್ ಆ ಅಂಕಿಯನ್ನ ರಿಜಿಸ್ಟರ್ ಹಿಂದೆ ಬರ್ಕೊಂಡ್ರು.

ಹದಿಮೂರನೇ ವಾರ ಅಮ್ಮನಿಗೆ ಜ್ವರ, ನಾಲ್ಕು ದಿನ. ಇದು ಯಾರ ಪ್ಲಾನೂ ಅಲ್ಲ. ಸರ್ ಮನೆ ನಡೆಸಿದ್ರು, ಊಟ ಮಧ್ಯಾಹ್ನ ಎರಡೂವರೆಗೆ ಆಗ್ತಿತ್ತಂತೆ, ಬಟ್ಟೆ ವಕ್ರವಕ್ರವಾಗಿ ಮಡಚಿತ್ತಂತೆ, ಆದ್ರೆ ನಡೀತು. ರಾತ್ರಿ ಎದ್ದು ಅಮ್ಮನ ಹಣೆ ಮುಟ್ಟಿ ನೋಡಿದ್ದು ಈ ಸಲ ಸರ್. ಅಮ್ಮ ನನಗೆ ಹೇಳಿದ್ದು ಇಷ್ಟೇ, "ಫೋನ್ ಸೈಲೆಂಟ್ ಮಾಡಿ ಮಲಗ್ಬಿಟ್ಟಿದ್ದೆ ಕಣಮ್ಮ, ಎಷ್ಟೋ ತಿಂಗಳ ಮೇಲೆ." ನಾನು ಹದಿಮೂರು ವಾರ ಹೇಳಿದ್ದನ್ನ ಆ ನಾಲ್ಕು ದಿನ ಮಾಡಿ ತೋರಿಸ್ತು.

ಏನಾಯ್ತು, ನಾನು ಏನು ಕಲಿತೆ

ಹದಿನಾರನೇ ವಾರ ಮತ್ತೆ ಅಳೆದಾಗ ಸರ್ ಪಿಎಚ್‌ಕ್ಯೂ-9 14ರಿಂದ 6ಕ್ಕೆ ಇಳಿದಿತ್ತು. ಸಿಒಪಿಎಂನಲ್ಲಿ ಮಾಡೋದು 2.8ರಿಂದ 6.6, ತೃಪ್ತಿ 2.2ರಿಂದ 7. ಎರಡು ಅಂಕದ ಏರಿಕೆ ಇದ್ರೇನೇ ಗಣನೆಗೆ ತಗೊಳ್ಳೋ ಬದಲಾವಣೆ ಅಂತೀವಿ. ರಾತ್ರಿ ನಿದ್ದೆ ಆರೂವರೆ ಗಂಟೆ, ಮಧ್ಯಾಹ್ನದ ನಿದ್ದೆ ತಾನಾಗೇ ಅರ್ಧ ಗಂಟೆಗೆ ಬಂತು, ನಾನು ಹೇಳಿದಾಗ ಬರದೆ ಇದ್ದದ್ದು. ಅಮ್ಮನ ನಿದ್ದೆ ಆರು ಮುಕ್ಕಾಲು ಗಂಟೆ, ಏಳು ಇನ್ನೂ ಮುಟ್ಟಿಲ್ಲ. ವಾರದಲ್ಲಿ ಎರಡು ರಾತ್ರಿ ಸರ್‌ಗೆ ಈಗಲೂ ಮಧ್ಯ ಎಚ್ಚರ ಆಗುತ್ತೆ.

ಈಗ ನಾನು ಯಾರೇ ಬಂದ್ರೂ ಮೊದಲ ವಾರದಲ್ಲೇ ಮನೆಯ ಇನ್ನೊಬ್ಬರ ದಿನವನ್ನೂ ಕೇಳ್ತೀನಿ. ಸಮತೋಲನ ಅಂದ್ರೆ ಗಂಟೆಗಳನ್ನ ಸಮವಾಗಿ ಹಂಚೋದು ಅಂತ ಜನ ತಿಳ್ಕೋತಾರೆ, ಇಲ್ಲಿ ಗಂಟೆ ಲೆಕ್ಕದಲ್ಲಿ ಸರ್‌ಗೆ ಬೇಕಾದಷ್ಟು ಬಿಡುವಿತ್ತು, ಅದೇ ಅವರ ಕಾಯಿಲೆ ಆಗಿತ್ತು. ಕಮ್ಮಿ ಕೆಲಸ ಇರೋರೂ ಹೆಚ್ಚು ಕೆಲಸ ಇರೋರಷ್ಟೇ ದಣಿದಿರ್ತಾರೆ ಅನ್ನೋದನ್ನ ನಾನು ಓದಿ ತಿಳ್ಕೊಂಡಿದ್ದೆ, ಈ ಮನೇಲಿ ನೋಡಿದೆ. ಇನ್ನೊಂದು, ಕೆಲಸ ಬಿಟ್ಟುಕೊಡದೆ ಇರೋರನ್ನ ಹಟಮಾರಿ ಅನ್ನೋ ಮುಂಚೆ ಅವರು ಏನಕ್ಕೆ ಹೆದರ್ತಿದಾರೆ ಅಂತ ಕೇಳ್ತೀನಿ. ನಾನು ಮತ್ತೆ ಈ ಕೇಸ್ ಮಾಡೋದಾದ್ರೆ ಮೆಟ್ಟಿಲಿಂದಲೇ ಶುರು ಮಾಡ್ತೀನಿ, ಎಂಟು ವಾರ ಕಾಯಲ್ಲ, ಮತ್ತೆ ಮಗಳನ್ನೂ ಅವತ್ತು ವಿಡಿಯೋ ಕಾಲಲ್ಲಿ ಸೇರಿಸ್ಕೋತೀನಿ, ಅವಳನ್ನ ಹೊರಗೆ ಬಿಟ್ಟಿದ್ದು ನನ್ನ ಲೋಪ.

ಆರು ತಿಂಗಳ ನಂತರ ಫೋನ್ ಮಾಡಿದ್ದೆ. ಸರ್ ಹಳೇ ಕಾರ್ಖಾನೆಯ ಒಬ್ಬ ಹುಡುಗನಿಗೆ ವಾರಕ್ಕೆ ಎರಡು ಸಂಜೆ ಸ್ಟೋರ್ಸ್ ಲೆಕ್ಕ ಹೇಳ್ಕೊಡ್ತಿದಾರಂತೆ. ಅಮ್ಮ ಮೆಟ್ಟಿಲ ಮೇಲೆ ಕೂರೋದು ಬಿಟ್ಟಿಲ್ಲ, ಒಂದೊಂದು ದಿನ ಸರ್ ಕೂಡ ಪಕ್ಕದಲ್ಲಿ ಬಂದು ಕೂರ್ತಾರಂತೆ, ಮಾತಾಡಲ್ವಂತೆ. ಬಾತ್‌ರೂಮಿಗೆ ಮಾತ್ರ ಈಗಲೂ ಒಳಗಿಂದ ಚಿಲಕ ಹಾಕಲ್ಲ. ಅಮ್ಮ ಹೇಳಿದ್ದಕ್ಕಾ ಅಂತ ಕೇಳಿದೆ. "ಇಲ್ಲ ಮೇಡಂ, ಅವಳೇನೂ ಹೇಳಿಲ್ಲ, ನಾನೇ ಹಾಕಲ್ಲ" ಅಂದ್ರು.